ಎರಡು ಕಟ್ಟಡ, ಆರು ಬಾಡಿಗೆ ಮನೆ: ಬ್ಯಾಂಕ್ ಸಾಲದ ಒಳಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಅಕ್ಕಪಕ್ಕ ಎರಡು 30×40 ಸೈಟು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಎರಡರ ಮೇಲೂ ಬಾಡಿಗೆ ಮನೆ ಕಟ್ಟಿದರೆ ಬಾಡಿಗೆಯಲ್ಲೇ ಸಾಲ ತೀರುತ್ತದೆಯಾ? ಸೈಟು ಆಗಲೇ ನಿಮ್ಮದಾಗಿದ್ದರೆ ತೀರುತ್ತದೆ, ಆದರೆ ಕೈ ಬಿಗಿ ಹಿಡಿದಿರಬೇಕು. ಸೈಟನ್ನೋ ಸಿದ್ಧ ಕಟ್ಟಡವನ್ನೋ ಸಾಲದಲ್ಲೇ ಕೊಳ್ಳುತ್ತಿದ್ದರೆ ತೀರುವುದಿಲ್ಲ.

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ತಿಂಗಳಿಗೆ 1 ಲಕ್ಷ ಬಾಡಿಗೆ ಬರುವ ಜೋಡಿ ಕಟ್ಟಡವನ್ನು 3 ಕೋಟಿಗೆ ಕೊಳ್ಳುತ್ತೀರಿ ಅಂದುಕೊಳ್ಳಿ. ವರ್ಷಕ್ಕೆ 12 ಲಕ್ಷ, ಅಂದರೆ ಹಾಕಿದ ಹಣಕ್ಕೆ ಶೇ 4. ಬೆಲೆಯ ಶೇ 75, ಅಂದರೆ 2.25 ಕೋಟಿ, ಸಾಲ ಸಿಕ್ಕಿತು, ಶೇ 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 1,95,000 ರೂಪಾಯಿ. ಬಾಡಿಗೆ ಅದರ ಅರ್ಧಕ್ಕೂ ಸ್ವಲ್ಪವೇ ಮೇಲೆ. ಶೇ 4 ದುಡಿಯುವ ಆಸ್ತಿಗೆ ಶೇ 8.5ರ ಸಾಲ ತಂದರೆ ಉಳಿದದ್ದು ಸಂಬಳದಿಂದಲೇ ಹೋಗಬೇಕು. ಮುಂದೆ ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆಯ ಮೇಲೆ ಕೊಳ್ಳುವವರಿದ್ದಾರೆ, ಅದು ಬೇರೆ ಮಾತು. ‘ಬಾಡಿಗೆಯೇ ಇಎಂಐ ಕಟ್ಟುತ್ತೆ ಸಾರ್’ ಅನ್ನುವ ಬ್ರೋಕರ್ ಮಾತನ್ನು ಮಾತ್ರ ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಈಗ ಕಟ್ಟುವ ಲೆಕ್ಕ. 1,200 ಚದರಡಿಯ ಸೈಟು, ಮುಂದೆ 30 ಅಡಿ ರಸ್ತೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಇಂಥ ಸಣ್ಣ ಸೈಟಿಗೆ ಎಫ್‌ಎಆರ್ 1.75, ಅಂದರೆ ಸೈಟಿನ ವಿಸ್ತೀರ್ಣದ 1.75 ಪಟ್ಟು, ಕಟ್ಟಬಹುದಾದದ್ದು 2,100 ಚದರಡಿ. ಮಹಡಿಗೆ 700 ಚದರಡಿಯಂತೆ ಮೂರು ಮಹಡಿ, ಮಹಡಿಗೊಂದು ಎರಡು ಬೆಡ್‌ರೂಮಿನ ಮನೆ. ಎರಡು ಸೈಟಿಗೆ ಆರು ಮನೆ, 4,200 ಚದರಡಿ. ಚದರಡಿಗೆ 2,400 ರೂಪಾಯಿ ಹಿಡಿದರೆ ಖರ್ಚು 1 ಕೋಟಿಯ ಆಸುಪಾಸು. ಸ್ವಂತದ್ದು 25 ಲಕ್ಷ, ಸಾಲ 75 ಲಕ್ಷ. ಮನೆಗೆ 18,000 ಬಾಡಿಗೆ ಅಂದರೆ ತಿಂಗಳಿಗೆ 1,08,000. ಪ್ರತಿ ಮನೆಯೂ ವರ್ಷಕ್ಕೊಂದು ತಿಂಗಳು ಖಾಲಿ ಬೀಳುತ್ತದೆ ಎಂದು ಹಿಡಿಯಲೇಬೇಕು. ಹಾಗಾಗಿ ವರ್ಷಕ್ಕೆ ಕೈಗೆ ಬರುವುದು 11,88,000. ಆಸ್ತಿ ತೆರಿಗೆಗೆ 40,000, ಮೋಟಾರು, ಪೈಪು, ಸುಣ್ಣಬಣ್ಣ, ಬೇಸಿಗೆಯ ಟ್ಯಾಂಕರ್ ನೀರಿಗೆ 1 ಲಕ್ಷ ತೆಗೆದಿಡಿ. ಉಳಿದದ್ದು 10,48,000.

ಈ 75 ಲಕ್ಷ ಗೃಹಸಾಲವಾಗಿ ಶೇ 8.5ಕ್ಕೆ 20 ವರ್ಷಕ್ಕೆ ಸಿಕ್ಕರೆ ಇಎಂಐ 65,087, ವರ್ಷಕ್ಕೆ 7,81,000. ಮಿಗುವುದು ಸುಮಾರು 2,67,000. ಅದೇ 75 ಲಕ್ಷವನ್ನು ಬ್ಯಾಂಕು ಆಸ್ತಿ ಅಡಮಾನ ಸಾಲ ಅಥವಾ ವಾಣಿಜ್ಯ ಸಾಲ ಅಂತ ಶೇ 10ಕ್ಕೆ 15 ವರ್ಷಕ್ಕೆ ಕೊಟ್ಟರೆ ಇಎಂಐ 80,595. ಮಿಗುವುದು 81,000. ಒಂದು ಮನೆಯ 11 ತಿಂಗಳ ಬಾಡಿಗೆ 1,98,000 ಎಂಬುದನ್ನು ನೆನಪಿಡಿ: ಎರಡನೆಯ ಲೆಕ್ಕದಲ್ಲಿ ಒಂದೇ ಒಂದು ಮನೆ ವರ್ಷವಿಡೀ ಖಾಲಿ ಉಳಿದರೂ ಕೈಯಿಂದ ಹಾಕಬೇಕು. ಹಾಗಾಗಿ ಸಾಲ ಎಷ್ಟು ಸಿಗುತ್ತದೆ ಅನ್ನುವುದಕ್ಕಿಂತ, ಯಾವ ಹೆಸರಿನಲ್ಲಿ ಸಿಗುತ್ತದೆ ಅನ್ನುವುದೇ ದೊಡ್ಡದು.

ಆ ಹೆಸರನ್ನು ನಿರ್ಧರಿಸುವುದು ಮನೆಗಳ ಸಂಖ್ಯೆ. ವಾಣಿಜ್ಯ ರಿಯಲ್ ಎಸ್ಟೇಟ್ ಸಾಲ ಅಂದರೆ ಯಾವುದು ಎಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಬ್ಯಾಂಕುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಸಾಲು ಇದೆ: ವ್ಯಕ್ತಿಯೊಬ್ಬರು ಬಾಡಿಗೆಗೆ ಬಿಡುವ ಮನೆ ಎರಡು ದಾಟಿದರೆ, ಮೂರನೆಯ ಮನೆಯಿಂದಾಚೆಗಿನ ಸಾಲವನ್ನು ವಾಣಿಜ್ಯ ವರ್ಗಕ್ಕೆ ಸೇರಿಸಬಹುದು. ಅಲ್ಲಿಗೆ ಸಾಲ ತೀರುವುದು ಸಂಬಳದಿಂದಲ್ಲ, ಬಾಡಿಗೆಯಿಂದ ಎಂಬುದು ಇದರ ತರ್ಕ. ಬ್ಯಾಂಕಿಗೆ ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಸರಿಯಾಗಿ ಕಂತು ಕಟ್ಟುತ್ತಿರುವ ಗೃಹಸಾಲಕ್ಕೆ ಮುಂದಿನ ನಷ್ಟದ ಭಯಕ್ಕೆ ನೂರು ರೂಪಾಯಿಗೆ 25 ಪೈಸೆ ಎತ್ತಿಟ್ಟರೆ ಸಾಕು. ವಾಣಿಜ್ಯ ರಿಯಲ್ ಎಸ್ಟೇಟ್ ಸಾಲಕ್ಕೆ ಒಂದು ರೂಪಾಯಿ ಎತ್ತಿಡಬೇಕು, ಜೊತೆಗೆ ಹೆಚ್ಚು ಬಂಡವಾಳವನ್ನೂ ಕಟ್ಟಿಹಾಕಬೇಕು. ಆ ಭಾರವೇ ಬಡ್ಡಿಯಾಗಿ ನಿಮ್ಮ ಮೇಲೆ ಬರುತ್ತದೆ.

ಆಚರಣೆಯಲ್ಲಿ ಮಾತ್ರ ಬ್ರಾಂಚಿನಿಂದ ಬ್ರಾಂಚಿಗೆ ವ್ಯತ್ಯಾಸವಿದೆ. ಒಂದು ಖಾತಾ, ಒಂದು ಕಟ್ಟಡ, ಮಾಲೀಕರು ಒಂದು ಮಹಡಿಯಲ್ಲಿ ವಾಸ, ಉಳಿದ ಎರಡು ಬಾಡಿಗೆಗೆ ಅಂದರೆ ಇಡೀ ಕಟ್ಟಡವನ್ನೇ ಒಂದು ಮನೆ ಎಂದು ನೋಡಿ ಗೃಹಸಾಲ ಕೊಡುವ ಕಡೆಗಳಿವೆ. ಪಕ್ಕದ ಸೈಟಿನ ಎರಡನೆಯ ಕಟ್ಟಡ ಪೂರ್ತಿ ಬಾಡಿಗೆಗೆ ಅಂದಾಗ ತಕರಾರು ಶುರು. ಹಾಗಂತ ಎರಡರಲ್ಲೂ ‘ಸ್ವಂತ ವಾಸಕ್ಕೆ’ ಎಂದು ಬರೆದುಕೊಡಬೇಡಿ. ಸುಳ್ಳು ಘೋಷಣೆ ಸಾಲದ ಕರಾರಿಗೆ ವಿರುದ್ಧ. ಮುಂದೆ ಟಾಪ್‌ಅಪ್ ಅಂದರೆ ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ ಕೇಳಿದಾಗಲೋ ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೋದಾಗಲೋ ಸ್ಥಳ ತನಿಖೆಗೆ ಬಂದವರು ಆರು ವಿದ್ಯುತ್ ಮೀಟರ್ ಕಂಡೇ ಕಾಣುತ್ತಾರೆ. ಸರಿಯಾದ ದಾರಿ ಅಂದರೆ ಮೊದಲೇ ಇದ್ದದ್ದನ್ನು ಇದ್ದಂತೆ ಹೇಳಿ, ಮಂಜೂರಾತಿ ಪತ್ರದಲ್ಲಿ ಸಾಲದ ಯೋಜನೆಯ ಹೆಸರು, ಬಡ್ಡಿ ಯಾವ ದರಕ್ಕೆ ಜೋಡಣೆಯಾಗಿದೆ, ಅದರ ಮೇಲಿನ ಹೆಚ್ಚುವರಿ ಎಷ್ಟು ಎಂಬುದನ್ನು ಬರೆಸಿಕೊಳ್ಳುವುದು. ಗೃಹಸಾಲದಂತೆ ಕಾಣುವ ದರ ಹೇಳಿ, ಕೊನೆಗೆ ಅಡಮಾನ ಸಾಲದ ಫಾರಂಗೆ ಸಹಿ ಹಾಕಿಸುವುದು ಅಪರೂಪವೇನಲ್ಲ.

ಅರ್ಹತೆಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 1,08,000 ಬಾಡಿಗೆ ಬರುತ್ತದಲ್ಲ, 65,000 ಇಎಂಐ ಏನು ಮಹಾ ಅನ್ನುವುದು ನಮ್ಮ ಯೋಚನೆ. ಬ್ಯಾಂಕು ಬಾಡಿಗೆಯನ್ನು ಪೂರ್ತಿ ಹಿಡಿಯುವುದಿಲ್ಲ. ಶೇ 60 ಹಿಡಿಯಿತು ಅನ್ನಿ: 64,800. ಅದರಲ್ಲೂ ಆದಾಯದ ಅರ್ಧ ಮಾತ್ರ ಕಂತಿಗೆ ಹೋಗಬಹುದು ಅಂದರೆ, ಬಾಡಿಗೆ ಹೊರುವುದು 32,400 ಇಎಂಐ ಮಾತ್ರ. ಉಳಿದ 32,700ಕ್ಕೆ ತಿಂಗಳಿಗೆ 65,000ದಷ್ಟು ಬೇರೆ ಆದಾಯ ತೋರಿಸಬೇಕು. ಕಟ್ಟದೇ ಇರುವ ಮನೆಯ ಬಾಡಿಗೆಯನ್ನಂತೂ ಎಷ್ಟೋ ಬ್ಯಾಂಕುಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ 1,30,000 ಆದಾಯ ಸಂಬಳದಿಂದಲೋ ವ್ಯಾಪಾರದಿಂದಲೋ ಬರಬೇಕು. ಹೆಂಡತಿಯನ್ನೋ ಮಗನನ್ನೋ ಸಹಸಾಲಗಾರರಾಗಿ ಸೇರಿಸುವುದು ಇದೇ ಕಾರಣಕ್ಕೆ. ಈಗಾಗಲೇ ಬರುತ್ತಿರುವ ಬಾಡಿಗೆಯಿದ್ದರೆ ಅದು ಬ್ಯಾಂಕ್ ಖಾತೆಗೇ ಬರಲಿ, ಆದಾಯ ತೆರಿಗೆ ರಿಟರ್ನಿನಲ್ಲೂ ಕಾಣಲಿ. ನಗದಾಗಿ ತೆಗೆದುಕೊಂಡು ಡೈರಿಯಲ್ಲಿ ಬರೆದಿಟ್ಟ ಬಾಡಿಗೆಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ.

ಇನ್ನು ಕಾಗದಪತ್ರ. ಎರಡು ಸೈಟನ್ನು ಒಂದುಗೂಡಿಸಿ ಒಂದೇ ಖಾತಾ ಮಾಡಿಸಬೇಕೇ, ಬೇರೆಬೇರೆ ಇಡಬೇಕೇ? ಎಂಜಿನಿಯರ್ ಒಂದುಗೂಡಿಸಿ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ: ನಡುವೆ ಎರಡೂ ಕಡೆ ಬಿಡಬೇಕಿದ್ದ ಜಾಗ ಕಟ್ಟಲು ಸಿಗುತ್ತದೆ, ಮೆಟ್ಟಿಲು ಒಂದೇ ಸಾಕು, ಪಾರ್ಕಿಂಗ್ ಸಲೀಸು. ಆದರೆ ಸಾಲದ ದೃಷ್ಟಿಯಿಂದ ಬೇರೆಬೇರೆ ಇಡುವುದೇ ಒಳ್ಳೆಯದು. ಒಂದೇ ಖಾತಾ ಆದಮೇಲೆ ಒಂದೇ ಆಸ್ತಿ, ಒಂದೇ ಅಡಮಾನ. ಮಗಳ ಮದುವೆಗೆ ಒಂದು ಕಟ್ಟಡ ಮಾರಬೇಕಾಗಿ ಬಂದರೆ ಅರ್ಧ ಅಡಮಾನ ಬಿಡಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ವಿಭಜನೆ, ಮತ್ತೆ ಖಾತಾ, ಪ್ರತಿ ಹೆಜ್ಜೆಗೂ ಬ್ಯಾಂಕಿನ ಒಪ್ಪಿಗೆ. ಅಣ್ಣತಮ್ಮಂದಿರ ಪಾಲಿನ ಸಂದರ್ಭದಲ್ಲಂತೂ ಇದು ಕಗ್ಗಂಟು.

ಬೇರೆ ಇಡಲು ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಾಸಯೋಗ್ಯ ಪ್ರಮಾಣಪತ್ರ ಅಂದರೆ ಓಸಿ ನೋಡದೆ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಕಟ್ಟಡದ ಭದ್ರತೆಯ ಮೇಲೆ ಸಾಲ ಕೊಡುವಾಗ ಅದನ್ನು ಪರಿಶೀಲಿಸಬೇಕು ಎಂದಿತು. 2025ರಲ್ಲಿ ಕರ್ನಾಟಕದಲ್ಲಿ ಓಸಿ ಇಲ್ಲದ ಕಟ್ಟಡಗಳ ಹೊಸ ಸಂಪರ್ಕಗಳು ಇದೇ ಕಾರಣಕ್ಕೆ ನಿಂತುಹೋದವು. ಆಮೇಲೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ (ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್ ಜಾಗ) ಮತ್ತು ಮೂರು ಮಹಡಿಯ ವಾಸದ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಎರಡು 30×40 ಒಂದುಗೂಡಿಸಿದರೆ 2,400 ಚದರಡಿ, ವಿನಾಯಿತಿಯ ಹೊರಗೆ. ಬೇರೆಬೇರೆ ಇದ್ದರೆ ಎರಡೂ ಒಳಗೆ. ಆದರೆ ಈ ವಿನಾಯಿತಿಯನ್ನು ತೋರಿಸಿ ಬ್ಯಾಂಕಿನ ವಕೀಲರ ಬಾಯಿ ಮುಚ್ಚಿಸಲಾಗದು, ಮಂಜೂರಾದ ಪ್ಲಾನಿಗೆ ತಕ್ಕಂತೆ ಕಟ್ಟಿದ್ದೀರಾ ಎಂಬ ಪ್ರಶ್ನೆ ಹಾಗೇ ಇರುತ್ತದೆ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರುವವರು ಬ್ಯಾಂಕಿನ ಪರವಾಗಿ ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್. ಕೈಯಲ್ಲಿ ಟೇಪು, ಮಂಜೂರಾದ ಪ್ಲಾನಿನ ಪ್ರತಿ, ಫೋನಿನಲ್ಲಿ ಕ್ಯಾಮೆರಾ. ಅವರು ಮೊದಲು ಎಣಿಸುವುದು ಅಡುಗೆಮನೆ. ಪ್ಲಾನಿನಲ್ಲಿ ಮಹಡಿಗೊಂದು ಅಡುಗೆಮನೆ ಇದ್ದು, ಒಳಗೆ ಎರಡೆರಡು ಗ್ರಾನೈಟ್ ಕಟ್ಟೆ, ಎರಡೆರಡು ಸಿಂಕು ಕಂಡರೆ ಮೂರು ಮನೆಯ ಪ್ಲಾನಿನಲ್ಲಿ ಆರು ಮನೆ ಎಂದು ವರದಿಯಲ್ಲಿ ಬರೆಯುತ್ತಾರೆ. ಆಮೇಲೆ ಪಕ್ಕಗಳಲ್ಲಿ ಬಿಟ್ಟ ಜಾಗ ಅಳೆಯುತ್ತಾರೆ. ಬೆಲೆ ಕಟ್ಟುವುದು ಮಂಜೂರಾದ ವಿಸ್ತೀರ್ಣಕ್ಕೆ ಮಾತ್ರ. ನಾಲ್ಕನೆಯ ಮಹಡಿ ಎಬ್ಬಿಸಿ ಅದರಿಂದ 30,000 ಬಾಡಿಗೆ ಬರುತ್ತಿದ್ದರೂ ವರದಿಯಲ್ಲಿ ಅದರ ಬೆಲೆ ಸೊನ್ನೆ, ಮೇಲಾಗಿ ‘ಪ್ಲಾನ್ ಉಲ್ಲಂಘನೆ’ ಎಂಬ ಷರಾ. ಸಿದ್ಧ ಕಟ್ಟಡ ಕೊಳ್ಳುವವರಿಗೆ ಕೇಳಿದ ಬೆಲೆಗೂ ಬ್ಯಾಂಕ್ ಕಟ್ಟಿದ ಬೆಲೆಗೂ ಅಜಗಜಾಂತರ ಕಾಣುವುದು ಇಲ್ಲಿಂದಲೇ. ಮುಂಗಡ ಕೊಟ್ಟಮೇಲೆ ಈ ವಿಷಯ ಗೊತ್ತಾದರೆ ಕಷ್ಟ. ಖರೀದಿ ಕರಾರಿಗೆ ಮುಂಚೆಯೇ ಮಾರುವವರಿಂದ ಪ್ಲಾನಿನ ಪ್ರತಿ ಕೇಳಿ ನೀವೇ ಒಮ್ಮೆ ಅಡುಗೆಮನೆ ಎಣಿಸಿ.

ಮಿಕ್ಕ ಕಾಗದಗಳು ಎಲ್ಲರಿಗೂ ಗೊತ್ತಿರುವಂಥವೇ: ಮೂಲಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳು, 30 ವರ್ಷದ ಋಣಭಾರ ಪ್ರಮಾಣಪತ್ರ, ಭೂಪರಿವರ್ತನೆ ಆದೇಶ, ಬಡಾವಣೆ ಅನುಮೋದನೆ, ಇ-ಖಾತಾ, ತೆರಿಗೆ ರಸೀದಿ, ಪಿತ್ರಾರ್ಜಿತವಾದರೆ ವಂಶವೃಕ್ಷ. ಎರಡು ಸೈಟು ಅಂದರೆ ಇದೆಲ್ಲ ಎರಡು ಸೆಟ್ಟು. ಒಂದು ಎ ಖಾತಾ (ಎಲ್ಲ ಅನುಮೋದನೆ ಇರುವ ಆಸ್ತಿಯದು), ಇನ್ನೊಂದು ಬಿ ಖಾತಾ (ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿಯದು) ಆಗಿದ್ದರೆ ಸಾಲವೂ ಎರಡು ಥರ. ಬಿ ಖಾತಾದ ಮೇಲೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವುದಿಲ್ಲ, ಹಣಕಾಸು ಕಂಪನಿಗಳು ಕೊಟ್ಟರೂ ಬಡ್ಡಿ ಬೇರೆ. ಜಮೀನು ಹಿಂದೆ ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ವಕೀಲರಿಂದ ನೋಡಿಸಿ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ರಾಜ್ಯ ಕಾಯ್ದೆಯಡಿ ಅಂಥ ಜಮೀನಿನ ಅನುಮತಿಯಿಲ್ಲದ ಪರಭಾರೆ ಊರ್ಜಿತವಾಗದು.

ಎರಡು ಖಾತಾಕ್ಕೆ ಎರಡು ಸಾಲ ಮಾಡಿಸಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಗೃಹಸಾಲ 30 ಲಕ್ಷದವರೆಗೆ ಆಸ್ತಿ ಬೆಲೆಯ ಶೇ 90, 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75ರವರೆಗೆ ಸಿಗಬಹುದು. ಉದಾಹರಣೆಗೆ 90 ಲಕ್ಷದ ಒಂದೇ ಸಾಲ ಶೇ 75ರ ಮಿತಿಗೆ ಬೀಳುತ್ತದೆ. 45 ಲಕ್ಷದ ಎರಡು ಸಾಲ ಶೇ 80ರ ಮಿತಿಯಲ್ಲೇ ನಿಲ್ಲುತ್ತದೆ. ಇದಕ್ಕಿಂತ ಮುಖ್ಯವಾದ ಲಾಭ, ಒಂದು ಸಾಲ ಬೇಗ ತೀರಿಸಿದರೆ ಆ ಕಟ್ಟಡ ಪೂರ್ತಿ ನಿಮ್ಮ ಕೈಗೆ ಬರುತ್ತದೆ. ಒಂದೇ ಬ್ಯಾಂಕಿನಲ್ಲಿ ಎರಡನ್ನೂ ತೆಗೆದುಕೊಂಡಾಗ ಮಂಜೂರಾತಿ ಪತ್ರದ ಕೊನೆಯ ಪುಟಗಳಲ್ಲಿ ಒಂದು ಷರತ್ತು ಅಡಗಿ ಕೂತಿರುತ್ತದೆ: ಒಂದರ ಭದ್ರತೆ ಇನ್ನೊಂದರ ಸಾಲಕ್ಕೂ ಅನ್ವಯ. ಅದನ್ನು ತೆಗೆಸದೆ ಸಹಿ ಹಾಕಿದರೆ ಎರಡು ಸಾಲ ಮಾಡಿದ್ದೂ ಒಂದೇ, ಮಾಡದಿದ್ದದ್ದೂ ಒಂದೇ. ಸಾಲದ ಜೊತೆ ಅಂಟಿಸುವ ಏಕಕಂತಿನ ವಿಮೆ ಕಡ್ಡಾಯವಲ್ಲ, ಬೇಕಾದರೆ ಹೊರಗೆ ಟರ್ಮ್ ಪಾಲಿಸಿ ಮಾಡಿಸಿ.

ಹಣ ಒಟ್ಟಿಗೆ ಬರುವುದಿಲ್ಲ. ಮೊದಲು ನಿಮ್ಮ ಪಾಲು ಖರ್ಚಾಗಬೇಕು. ಆಮೇಲೆ ಪಾಯ, ಒಂದೊಂದು ಮೋಲ್ಡ್ (ಮಹಡಿಯ ಕಾಂಕ್ರೀಟ್ ಸ್ಲ್ಯಾಬ್), ಗಾರೆ, ಕೊನೆಯ ಕೆಲಸ ಹೀಗೆ ಹಂತ ಮುಗಿದಮೇಲೆ ಎಂಜಿನಿಯರ್ ಸರ್ಟಿಫಿಕೇಟ್, ಫೋಟೋ ಕೊಟ್ಟರೆ ಬಿಡುಗಡೆ. ಗುತ್ತಿಗೆದಾರ ಕೇಳುವುದು ಹಂತ ಶುರುವಾಗುವ ಮುನ್ನ, ಬ್ಯಾಂಕು ಕೊಡುವುದು ಮುಗಿದಮೇಲೆ. ಈ ನಡುವಿನ ಕಂದಕವೇ ಎರಡು ಕಟ್ಟಡ ಕಟ್ಟುವವರನ್ನು ಮುಳುಗಿಸುವುದು. 700 ಚದರಡಿಗೆ 5 ಇಂಚು ದಪ್ಪದ ಸ್ಲ್ಯಾಬ್ ಹಾಕಲು ತೊಲೆ ಬಿಟ್ಟೇ 8 ಘನ ಮೀಟರ್ ಮೀರಿ ಕಾಂಕ್ರೀಟ್ ಬೇಕು. ಎರಡೂ ಕಟ್ಟಡದ ಮೋಲ್ಡ್ ಒಂದೇ ವಾರಕ್ಕೆ ಬಿದ್ದರೆ ಕಾಂಕ್ರೀಟು, ಕಬ್ಬಿಣ, ಸೆಂಟ್ರಿಂಗ್ ಬಾಡಿಗೆ, ಕೂಲಿ ಎಲ್ಲವೂ ದುಪ್ಪಟ್ಟು, ಅದೂ ಒಟ್ಟಿಗೇ.

ಒಂದು ಕಟ್ಟಡವನ್ನು ಇನ್ನೊಂದಕ್ಕಿಂತ ಒಂದು ಮಹಡಿ ಮುಂದಿಟ್ಟುಕೊಂಡು ಹೋಗುವುದು ಜಾಣತನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಊರುಗೋಲು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್‌ವರೆಗಿನ ತೊಲೆಯ ಕೆಳಗೆ 14 ದಿನ ಇರಬೇಕು. ಎರಡು ವಾರದ ನಂತರ ಒಂದನೆಯ ಕಟ್ಟಡದಲ್ಲಿ ಬಿಚ್ಚಿದ ಸೆಂಟ್ರಿಂಗ್ ಶೀಟು, ಜಾಕಿಗಳೇ ಎರಡನೆಯದಕ್ಕೆ ಹೋಗುತ್ತವೆ. ಒಂದರ ಮೋಲ್ಡಿಗೆ ಬ್ಯಾಂಕಿನಿಂದ ಬಂದ ಹಣ ಇನ್ನೊಂದರ ಮೋಲ್ಡಿನ ಹೊತ್ತಿಗೆ ಕೈಯಲ್ಲಿರುತ್ತದೆ. ಆದರೆ ಎರಡೂ ಬೇರೆ ಸಾಲವಾದ್ದರಿಂದ ಬಿಲ್ಲುಗಳನ್ನು ಬೇರೆಬೇರೆ ಇಟ್ಟುಕೊಳ್ಳಿ. ಕಬ್ಬಿಣದ ಒಂದೇ ಲೋಡಿನ ಬಿಲ್ಲನ್ನು ಎರಡೂ ಫೈಲಿಗೆ ಸೇರಿಸಿದರೆ ಅಲ್ಲಿಗೆ ಬಿಡುಗಡೆ ನಿಂತಿತು.

ಹಂಚಿಕೊಂಡು ಕಟ್ಟುವ ಸಾಮಾನುಗಳ ಬಗ್ಗೆ ಎಚ್ಚರ. ಎರಡು ಕಟ್ಟಡಕ್ಕೂ ಸೇರಿ ಒಂದೇ ಸಂಪು, ಒಂದೇ ಬೋರ್‌ವೆಲ್, ಒಂದೇ ಚರಂಡಿ ಛೇಂಬರ್ ಮಾಡಿದರೆ ಆಗ ಉಳಿತಾಯವಾದಂತೆ ಕಾಣುತ್ತದೆ. ಮುಂದೆ ಸಂಪು ಇರುವ ಸೈಟನ್ನು ಮಾರಿದರೆ ಇನ್ನೊಂದು ಕಟ್ಟಡಕ್ಕೆ ನೀರಿಲ್ಲ. ನೀರಿನ ಹಕ್ಕನ್ನು ಕ್ರಯಪತ್ರದಲ್ಲಿ ಬರೆಸಬೇಕು, ಕೊಳ್ಳುವವರ ಬ್ಯಾಂಕು ಅದನ್ನು ಕಂಡು ಮೂಗು ಮುರಿಯುತ್ತದೆ. ಸಂಪು, ಮೋಟಾರು, ಮೀಟರ್ ಬೋರ್ಡು ಎರಡೆರಡು ಇರಲಿ. ಬೋರ್‌ವೆಲ್ ಒಂದೇ ಆದರೂ, ಮುಂದೆಂದೂ ಮಾರುವುದಿಲ್ಲ ಅನ್ನುವ ಕಡೆಗೆ ಕೊರೆಸಿ.

ಕೊನೆಯ ಹಂತದಲ್ಲಿ ಸಿಕ್ಕಿಕೊಳ್ಳುವವರೇ ಹೆಚ್ಚು. 75 ಲಕ್ಷ ಪೂರ್ತಿ ಬಿಡುಗಡೆಯಾದಮೇಲೆ ತಿಂಗಳ ಬಡ್ಡಿಯೇ 53,125. ವಿದ್ಯುತ್ ಮೀಟರ್ ನಾಲ್ಕು ತಿಂಗಳು ತಡವಾದರೆ ಬಾಡಿಗೆಯಿಲ್ಲದೆ 2,12,500 ಹೋಯಿತು. ಆರು ತಿಂಗಳ ಬಡ್ಡಿಯಷ್ಟಾದರೂ ಹಣವನ್ನು ಮೊದಲ ದಿನವೇ ಅಂದಾಜಿನ ಒಳಗೆ ಸೇರಿಸಬೇಕು. ಹೆಚ್ಚಿನವರ ಅಂದಾಜುಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ಆಗ ಎಲ್ಲರ ಕಣ್ಣೂ ಹೋಗುವುದು ಭೋಗ್ಯದ ಕಡೆಗೆ. ಎರಡು ಮನೆಯನ್ನು ತಲಾ 12 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ 24 ಲಕ್ಷ ಒಮ್ಮೆಲೇ ಬಂತು, ಟೈಲ್ಸು, ಬಾಗಿಲು, ಬಣ್ಣ ಎಲ್ಲ ಮುಗಿಯಿತು, ಬಡ್ಡಿಯೂ ಇಲ್ಲ. ಬಡ್ಡಿ ಇಲ್ಲವೆಂಬುದು ಭ್ರಮೆ. ಮನೆಗೆ 18,000ದಂತೆ ವರ್ಷಕ್ಕೆ 2,16,000 ಬಾಡಿಗೆ ಬಿಟ್ಟುಕೊಟ್ಟಿದ್ದೀರಿ. 12 ಲಕ್ಷಕ್ಕೆ ಅದು ಶೇ 18. ಮೇಲೆ ಹೇಳಿದ ಶೇ 10ರ ಸಾಲಕ್ಕಿಂತಲೂ ದುಬಾರಿ. ಅವಧಿ ಮುಗಿದಾಗ ಹೊಸ ಭೋಗ್ಯದಾರರು ಸಿಗದಿದ್ದರೆ 24 ಲಕ್ಷ ಎಲ್ಲಿಂದ ತರುತ್ತೀರಿ? ಅಡಮಾನದಲ್ಲಿರುವ ಮನೆಯನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಡುವುದು ಸಾಲದ ಕರಾರಿಗೂ ವಿರುದ್ಧ. ಕಂತು ತಪ್ಪಿ ಬ್ಯಾಂಕು ಬಂದು ಬೀಗ ಹಾಕಿದರೆ ಮೊದಲು ಬೀದಿಗೆ ಬೀಳುವವರು ಭೋಗ್ಯಕ್ಕಿದ್ದ ಸಂಸಾರ. ಬಾಡಿಗೆದಾರರ ಅಡ್ವಾನ್ಸ್ ಹಣವೂ ಹಾಗೇ, ಅದು ಹಿಂದಿರುಗಿಸಬೇಕಾದ ದುಡ್ಡು. ಬೇರೆ ಖಾತೆಯಲ್ಲಿಡಿ.

ತೆರಿಗೆ ಇಲ್ಲಿ ಸ್ವಲ್ಪ ಉದಾರ. ಬಂದ ಬಾಡಿಗೆಯಿಂದ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಬಾಡಿಗೆ ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ನಮ್ಮ ಲೆಕ್ಕದಲ್ಲಿ: 11,88,000ದಲ್ಲಿ ತೆರಿಗೆ 40,000 ಹೋಗಿ 11,48,000. ಶೇ 30 ಹೋಗಿ 8,03,600. ಮೊದಲ ವರ್ಷದ ಬಡ್ಡಿ ಸುಮಾರು 6,32,000. ತೆರಿಗೆಗೆ ಸಿಗುವುದು 1,72,000 ಮಾತ್ರ. ಕಟ್ಟುವ ಕಾಲದ ಬಡ್ಡಿಯನ್ನು ಕಟ್ಟಡ ಮುಗಿದ ವರ್ಷದಿಂದ ಐದು ಸಮ ಕಂತುಗಳಲ್ಲಿ ಕಳೆಯಬಹುದಾದ್ದರಿಂದ ಅದು ಇನ್ನೂ ಇಳಿಯುತ್ತದೆ. ಬಡ್ಡಿ ಬಾಡಿಗೆಯನ್ನೂ ಮೀರಿ ನಷ್ಟ ಬಂದರೆ, ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಎದುರು ಹೊಂದಿಸಬಹುದು, ಹೊಸ ಪದ್ಧತಿಯಲ್ಲಿ ಆಗದು.

ಮಿಕ್ಕ ಹಣ ಕೈಗೆ ಬಂದಾಗ ಎರಡೂ ಸಾಲಕ್ಕೆ ಸಮನಾಗಿ ಹಂಚಬೇಡಿ. ಬಡ್ಡಿ ಹೆಚ್ಚಿರುವುದಕ್ಕೆ, ಎರಡೂ ಸಮವಾದರೆ ಮುಂದೆ ಮಾರಬಹುದಾದ ಕಟ್ಟಡದ್ದಕ್ಕೆ ಕಟ್ಟಿ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಗಡ ಪಾವತಿ ದಂಡವಿಲ್ಲ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಲ್ಲಿ, ವ್ಯಕ್ತಿಗಳು ವ್ಯಾಪಾರಕ್ಕಾಗಿ ಪಡೆದ ಬದಲಾಗುವ ದರದ ಸಾಲಕ್ಕೂ ವಾಣಿಜ್ಯ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು; ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಪತ್ರಗಳು ಕೈಗೆ ಬಂದವು ಎಂದು ಸುಮ್ಮನಾಗದೆ, ಹಕ್ಕುಪತ್ರ ಠೇವಣಿಯ (ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಮಾಡಿದ ಅಡಮಾನದ) ಋಣಮುಕ್ತಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಹೊಸ ಋಣಭಾರ ಪ್ರಮಾಣಪತ್ರ ತೆಗೆದು ನೋಡಿ. ಅದರಲ್ಲಿ ಹಳೆಯ ಅಡಮಾನ ತೀರಿದ ನಮೂದು ಕಂಡಮೇಲಷ್ಟೇ ಆ ಕಟ್ಟಡವನ್ನು ಮಾರುವ ಮಾತು ಎತ್ತಿ.